ಕಲಾಪೋಷಕರ ಸಮಾವೇಶಕ್ಕೆ ಹೊರಟಿದ್ದೀರಾ? ಹೀಗೆ ತಯಾರಾಗಿ

ನಮ್ಮ ತುಮಕೂರು ಕಡೆ ಊರೂರಲ್ಲೂ ಒಂದು ಕಲಾಸಂಘ ಇದೆ, ಇಲ್ಲವೇ ಜಾತ್ರೆಯ ನಾಟಕಕ್ಕೆ ವರ್ಷಾ ವರ್ಷಾ ಕೈಲಾದಷ್ಟು ದುಡ್ಡು ಕೊಡುವವರಿದ್ದಾರೆ. ಅಂಥವರಿಗೆ ಈಗ ಕೋಲಾರದಲ್ಲಿ ಅಕ್ಕಪಕ್ಕದ ಜಿಲ್ಲೆಗಳ ಕಲಾಪೋಷಕರೆಲ್ಲ ಸೇರುವ ಸಮಾವೇಶಕ್ಕೆ ಕರೆ ಬಂದಿದೆ ಅಂದುಕೊಳ್ಳಿ. ಖಂಡಿತ ಹೋಗಿ. ಆದರೆ ಸುಮ್ನೆ ಶಾಲು ಹಾಕಿಸಿಕೊಂಡು, ಊಟ ಮಾಡಿ ಬರಬೇಡಿ.

ಮೊದಲ ಕೆಲಸ ಮನೆಯಲ್ಲೇ ಮುಗಿಸಿ. ಈ ವರ್ಷ ನಿಮ್ಮ ಸಂಘಕ್ಕೆ ಏನು ಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ‘ಕಲೆ ಉಳಿಯಬೇಕು’ ಅಂತ ಬರೆದರೆ ಯಾರಿಗೂ ಏನು ಮಾಡಬೇಕೋ ತಿಳಿಯದು. ‘ನಮ್ಮ ಮೂಡಲಪಾಯ ಯಕ್ಷಗಾನ ಮೇಳಕ್ಕೆ ಮುಖವೀಣೆ (ಊದುವ ವಾದ್ಯ) ನುಡಿಸುವವರು ಬೇಕು, ಕಲಿಯೋಕೆ ಇಬ್ಬರು ಹುಡುಗರು ತಯಾರಿದ್ದಾರೆ’ ಅಂತ ಬರೆದು ನೋಡಿ, ಕೇಳಿದವರಿಗೆ ಯಾರದಾದರೂ ಹೆಸರು ನೆನಪಾಗುತ್ತದೆ. ಅದರ ಕೆಳಗೆ ಖರ್ಚು: ಕಲಾವಿದರ ಸಂಭಾವನೆ, ವ್ಯಾನ್ ಬಾಡಿಗೆ, ಮೈಕ್‌ಸೆಟ್, ಶಾಮಿಯಾನ, ರಾತ್ರಿ ಊಟ. ಸಂಭಾವನೆ ಮೊದಲ ಸಾಲಲ್ಲೇ ಇರಲಿ. ಎಷ್ಟೋ ಕಡೆ ಫ್ಲೆಕ್ಸ್‌ಗೆ ದುಡ್ಡು ತೆಗೆದಿಟ್ಟು, ಕಲಾವಿದರಿಗೆ ಮಾತ್ರ ‘ಉಳಿದರೆ ನೋಡೋಣ’ ಅನ್ನುತ್ತಾರೆ. ಅದು ತಪ್ಪು.

ನೋಂದಣಿ ಪತ್ರ, ಪ್ಯಾನ್, ಆಡಿಟ್ ವರದಿಯ ಜೆರಾಕ್ಸ್ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಬಾಕಿ ಇದ್ದರೆ ಹೊರಡುವ ಮೊದಲೇ ಸರಿಮಾಡಿಸಿ.

ಕೋಲಾರದಲ್ಲಿ ಇಂಥ ಕಾರ್ಯಕ್ರಮಗಳು ಸಾಮಾನ್ಯವಾಗಿ ಟಿ. ಚನ್ನಯ್ಯ ರಂಗಮಂದಿರದಲ್ಲಿ ನಡೆಯುತ್ತವೆ. ಉದ್ಘಾಟನೆಗೆ ತಡವಾದರೂ ಚಿಂತೆಯಿಲ್ಲ, ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಗೋಷ್ಠಿ ಇದ್ದರೆ ಅದನ್ನು ಮಾತ್ರ ತಪ್ಪಿಸಬೇಡಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು, ಆ ಕೆಲಸಗಳ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಯೂ ಇದೆ, ಕಾರ್ಖಾನೆ ಸುತ್ತಲಿನ ಊರುಗಳಿಗೆ ಆದ್ಯತೆ ಅಂತಲೂ ಇದೆ. ನರಸಾಪುರ, ಮಾಲೂರು, ನಮ್ಮ ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಸಂಘಗಳು ಇದನ್ನು ಕೇಳಲೇಬೇಕು ಅಲ್ವಾ? ಹಣ ಪಡೆಯುವ ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಮಾಡಿಸುವಂಥದ್ದು) ಇರಬೇಕು. ನಿಮಗೆ ಇಲ್ಲದಿದ್ದರೆ, ಇರುವ ಸಂಸ್ಥೆಯವರು ಅಲ್ಲೇ ಸಿಗಬಹುದು, ಅವರ ಜೊತೆ ಸೇರಿ ಕೆಲಸ ಮಾಡೋಕೆ ಆಗುತ್ತಾ ಅಂತ ಕೇಳಿ.

ಮಧ್ಯಾಹ್ನ ವೇದಿಕೆಯ ಹಿಂಬದಿಗೆ ಒಂದು ಸುತ್ತು ಹೋಗಿ. ತಮಟೆಯವರು ಒಣಹುಲ್ಲು, ಹಳೇ ಪೇಪರ್‌ಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಿರುತ್ತಾರೆ. ಬೆರಳಲ್ಲಿ ತಟ್ಟಿ ನೋಡಿ, ಸಾಲದು ಅನಿಸಿದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಚರ್ಮ ಬಿಗಿಯಾಗದೆ ನಾದ ಏಳುವುದಿಲ್ಲ. ಕಾಯಿಸಿಟ್ಟುಕೊಂಡು ಕಾದದ್ದೇ ಕಾದದ್ದು, ಭಾಷಣ ಮುಗಿಯುವಷ್ಟರಲ್ಲಿ ಅದು ಮತ್ತೆ ಸಡಿಲ! ಚಿಕ್ಕಬಳ್ಳಾಪುರ ಜಿಲ್ಲೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೂ ಮೆರವಣಿಗೆಯಲ್ಲಿ ತಮಟೆಯವರನ್ನು ಮುಂದೆ ಬಿಟ್ಟು, ಸಭೆ ಶುರುವಾದ ಕೂಡಲೇ ಪಕ್ಕಕ್ಕೆ ಕಳಿಸುವ ರೂಢಿ ಇನ್ನೂ ಹೋಗಿಲ್ಲ. ಅವರ ಪಕ್ಕ ಕೂತು ಮಾತಾಡಿ. ಎಷ್ಟು ಹೊತ್ತು ಬೇಕು, ಬೆಂಕಿಗೆ ಜಾಗ ಎಲ್ಲಿರಬೇಕು, ಊಟ ಯಾವಾಗ ಮಾಡುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ಗೋಷ್ಠಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಸಂಜೆ ಬಿಡುವಿದ್ದರೆ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಹೋಗಿ ಬನ್ನಿ. ಹುಣ್ಣಿಮೆ ರಾತ್ರಿ ಬಯಲಲ್ಲಿ ಕೂತು ಹಾಡು, ನಾಟಕ ನೋಡುವ ‘ಹುಣ್ಣಿಮೆ ಹಾಡು’ ಬೆಳೆದ ಜಾಗ ಅದು.

ವಾಪಸ್ ಬಂದ ವಾರದೊಳಗೆ ಪರಿಚಯವಾದವರಿಗೆಲ್ಲ ಫೋನ್ ಮಾಡಿ. ತಡವಾದರೆ ನಂಬರ್ ಇರುತ್ತದೆ, ಮುಖ ಮರೆತಿರುತ್ತದೆ. ತಿಪಟೂರಿನವರೂ ತುರುವೇಕೆರೆಯವರೂ ಮಾತಾಡಿಕೊಂಡು ಒಂದೇ ಮೇಳವನ್ನು ಬೆನ್ನುಬೆನ್ನಿಗೆ ಎರಡು ರಾತ್ರಿ ಕರೆಸಿದರೆ ವ್ಯಾನ್ ಬಾಡಿಗೆ ಹಂಚಿಹೋಗುತ್ತದೆ, ಮೇಳದವರಿಗೂ ಒಂದು ಆಟ ಜಾಸ್ತಿ ಸಿಗುತ್ತದೆ. ದಿನ ಗೊತ್ತಾದ ಕೂಡಲೇ ಅರ್ಧ ಸಂಭಾವನೆ ಮುಂಗಡ ಕೊಟ್ಟುಬಿಡಿ.