ಹೊರಗಿನ ಪ್ಯಾಡ್ ನೋಡಿ ಮೋಸ ಹೋದೆ

ಬೆಳಗಾವಿಯ ಉದ್ಯಮಬಾಗದ ಒಂದು ಮಶೀನ್ ಶಾಪಿನಲ್ಲಿ ನನ್ನ ಕೆಲಸ. ದಿನವಿಡೀ ಕೈಯಲ್ಲಿ ದಪ್ಪ ಅಳೆಯುವ ವರ್ನಿಯರ್. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಜಾಬ್ ವಾಪಸ್ ಬರುತ್ತದೆ. ಅಂಥವನು ನನ್ನ ಸ್ವಂತ ಕಾರಿನ ಬ್ರೇಕ್ ಪ್ಯಾಡ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒಳಗಿನಿಂದ, ಹೊರಗಿನಿಂದ ಅದುಮಿ ನಿಲ್ಲಿಸುವ ಬಿಲ್ಲೆ, ಎಷ್ಟು ಉಳಿದಿದೆ ಅಂತ ಒಮ್ಮೆಯೂ ಅಳೆದಿರಲಿಲ್ಲ. ಸರ್ವಿಸಿಗೆ ಬಿಟ್ಟಾಗ ಅವರೇ ನೋಡಿರುತ್ತಾರೆ ಅಂತ ಸುಮ್ನೆ ಇದ್ದೆ.

ತಂಗಿಯ ಮನೆ ಗೋವಾದ ಮಾಪುಸಾದಲ್ಲಿ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುತ್ತೇನೆ. ಜುಲೈ ತಿಂಗಳು, ಜೋರು ಮಳೆ. ಬೆಳಿಗ್ಗೆ ಕಾರು ತೆಗೆದಾಗ ಮುಂದಿನ ಚಕ್ರದಲ್ಲಿ ಕರಕರ ಸದ್ದು. ನಮ್ಮೂರಿನ ಮಳೆಗಾಲದಲ್ಲಿ ಇದು ಹೊಸದಲ್ಲ. ರಾತ್ರಿಯೆಲ್ಲ ನೆನೆದ ಡಿಸ್ಕಿಗೆ ತೆಳ್ಳಗೆ ಜಂಗು ಹಿಡಿಯುತ್ತದೆ. ಎರಡು ಮೂರು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ಈ ಸಲದ್ದೂ ಅದೇ ಅಂದುಕೊಂಡೆ.

ಆದರೆ ಅದು ಹೋಗಲಿಲ್ಲ. ಕರಕರ ಹೋಗಿ ಕೀಚ್ ಅನ್ನುವ ಸಣ್ಣ ಸದ್ದು ಉಳಿಯಿತು. ಕಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿ ನಿಧಾನ ಹೋದರೆ ಚೆನ್ನಾಗಿ ಕೇಳುತ್ತಿತ್ತು, ಕಿಟಕಿ ಏರಿಸಿದರೆ ಇಲ್ಲ. ನಾನು ಕಿಟಕಿ ಏರಿಸಿದೆ!

ಅದು ಪ್ಯಾಡ್ ತಾನೇ ಕೂಗುವ ಸದ್ದು. ಬಹಳ ಕಾರುಗಳಲ್ಲಿ ಪ್ಯಾಡಿನ ಹಿಂಬದಿಯ ತಗಡಿಗೆ ಒಂದು ಸಣ್ಣ ಸ್ಟೀಲ್ ಪಟ್ಟಿ ಇರುತ್ತದೆ, ಹೆಚ್ಚಾಗಿ ಒಳಗಿನ ಪ್ಯಾಡಿಗೆ. ಪ್ಯಾಡ್ ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಆ ಪಟ್ಟಿ ಡಿಸ್ಕಿಗೆ ತಾಗಿ ಕಿರುಚುತ್ತದೆ. ಜಂಗಿನ ಸದ್ದು ಮನೆಯಿಂದ ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಮಾಯ. ಪಟ್ಟಿಯ ಸದ್ದು ದಿನವಿಡೀ ಇರುತ್ತದೆ.

ಮುಂದಿನ ತಪ್ಪು ಇನ್ನೂ ದೊಡ್ಡದು. ಘಾಟ್ ಇಳಿಯುವಾಗ ತಿರುವುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಮಿಣಮಿಣ ಹತ್ತಿತು. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿತ್ತು. ಕೇರಿಯಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ. ಬ್ರೇಕ್ ಆಯಿಲ್ ಅದರ ಡಬ್ಬಿಯ ಕೆಳಗಿನ ಗೆರೆಗೆ ಬಂದಿತ್ತು. ಕಾರಿನಲ್ಲಿ ಇಟ್ಟಿದ್ದ ಡಾಟ್ 4 ದರ್ಜೆಯ ಬ್ರೇಕ್ ಆಯಿಲನ್ನು ಮೇಲಿನ ಗೆರೆವರೆಗೆ ಸುರಿದೆ. ದೀಪ ಆರಿತು, ನನಗೂ ಸಮಾಧಾನ ಆಯಿತು.

ಪ್ಯಾಡ್ ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ. ಲೀಕ್ ಇಲ್ಲದೆ ಆಯಿಲ್ ನಿಧಾನ ಇಳಿದಿದೆ ಅಂದರೆ ಪ್ಯಾಡ್ ಮುಗಿಯುತ್ತಾ ಬಂದಿದೆ ಅಂತಲೇ ಅರ್ಥ. ನಾನು ಆಯಿಲ್ ಸುರಿದು ಅದರ ಬಾಯಿ ಮುಚ್ಚಿಸಿದ್ದೆ. ಲೀಕ್ ಇದ್ದರೆ ಮಾತು ಬೇರೆ, ಆಗ ಕಾರನ್ನು ಅಲ್ಲೇ ನಿಲ್ಲಿಸಬೇಕು.

ಊರಿಗೆ ಬಂದ ಮೇಲೆ ಟಾರ್ಚ್ ಹಿಡಿದು ಅಲಾಯ್ ಚಕ್ರದ ಸಂದಿಯಿಂದ ಇಣುಕಿದೆ. ಹೊರಗಿನ ಪ್ಯಾಡ್ ಐದಾರು ಮಿಲಿಮೀಟರ್ ಇತ್ತು. ಹೊಸದು ಸುಮಾರು 10 ಇರುತ್ತದೆ, ಅಂದರೆ ಇನ್ನೂ ಅರ್ಧ ಬಾಕಿ. ಗಟ್ಟಿ ಇದೆ ಅಂತ ಮತ್ತೆ ಎರಡು ವಾರ ಓಡಿಸಿದೆ. ಒಂದು ಸಂಜೆ ಟಿಳಕವಾಡಿಯ ರೈಲ್ವೆ ಗೇಟಿನ ಹತ್ತಿರ ಬ್ರೇಕ್ ಒತ್ತಿದಾಗ ಕೀಚ್ ಹೋಗಿ ಗರಗರ ಬಂತು. ಪೆಡಲಿನಲ್ಲೂ ಅದು ಪಾದಕ್ಕೆ ತಾಗಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಲೇಥಿನಲ್ಲಿ ಟೂಲ್ ಮುರಿದಾಗ ಹಾಗೇ ಕೇಳುತ್ತದೆ.

ಗ್ಯಾರೇಜಿನ ಮಿಸ್ತ್ರಿ ಚಕ್ರ ಬಿಚ್ಚಿ, ಪ್ಯಾಡುಗಳನ್ನು ಅದುಮುವ ಕ್ಯಾಲಿಪರ್ ಎತ್ತಿ, ಒಳಗಿನ ಪ್ಯಾಡ್ ನನ್ನ ಅಂಗೈ ಮೇಲಿಟ್ಟರು. ಬರೀ ತಗಡು.

"ಹೊರಗಿಂದು ಛಲೋ ಐತಲ್ರಿ ಕಾಕಾ?" ಅಂದೆ.

"ಹೊರಗಿಂದ ನೋಡಿದ್ರ ಏನ್ ತಿಳಿತೈತಿ? ಪಿನ್ ಜಾಮ್ ಆಗ್ಯಾವ ನೋಡ್ರಿ. ಒಳಗಿನ ಪ್ಯಾಡ್ ಒಂದ ದುಡದೈತಿ" ಅಂದರು.

ನಮ್ಮ ಸಣ್ಣ ಕಾರುಗಳಲ್ಲಿ ಪಿಸ್ಟನ್ ಒಳಬದಿಗೆ ಮಾತ್ರ ಇರುತ್ತದೆ. ಅದು ಮೊದಲು ಒಳಗಿನ ಪ್ಯಾಡ್ ತಳ್ಳುತ್ತದೆ. ಆಮೇಲೆ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ನನ್ನ ಕಾರಿನ ಎಡಗಡೆ ಪಿನ್ನಿನ ರಬ್ಬರ್ ಹರಿದು ನೀರು, ಕೆಂಪು ಮಣ್ಣು ಒಳಗೆ ಹೋಗಿತ್ತು. ಗ್ರೀಸ್ ಒಣಗಿ ಕಲ್ಲಾಗಿತ್ತು.

ಡಿಸ್ಕಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೆರೆಗಳು. ಲೇಥ್ ಹೊಡೆಸಿ ಸಮ ಮಾಡಿಸೋಣ ಅನ್ನಿಸಿತು, ನಮ್ಮದೇ ಶಾಪ್ ಇದೆ ಅಲ್ವಾ? ಡಿಸ್ಕ್ ಒಯ್ದು ವರ್ನಿಯರ್ ಹಚ್ಚಿದೆ. 16 ಮಿಲಿಮೀಟರಿನ ಮೇಲೆ ತೋರಿಸಿತು. ಡಿಸ್ಕಿನ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪ 15. ಖುಷಿಯಾಯಿತು. ಆಮೇಲೆ ಹೊಳೆಯಿತು, ಪ್ಯಾಡ್ ತಾಗದ ಅಂಚಿನಲ್ಲಿ ಒಂದು ದಂಡೆ ಉಳಿದಿರುತ್ತದೆ, ವರ್ನಿಯರಿನ ದವಡೆ ಅದರ ಮೇಲೆ ಕೂತಿತ್ತು. ಮೈಕ್ರೋಮೀಟರ್ ತಂದು ಒಳಗೆ ಅಳೆದರೆ 14.8. ಲೇಥ್ ಮಾತೇ ಇಲ್ಲ. ಎರಡೂ ಕಡೆಗೆ ಹೊಸ ಡಿಸ್ಕ್ ತಂದೆ. ಬರೀ ಪ್ಯಾಡಿನಲ್ಲಿ ಮುಗಿಯಬೇಕಿದ್ದ ಖರ್ಚು ಮೂರು ಪಟ್ಟಾಯಿತು. ಸಾಲದ್ದಕ್ಕೆ, ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಹಿಂದೆ ಒತ್ತಿದಾಗ ನಾನು ಸುರಿದಿದ್ದ ಹೆಚ್ಚಿನ ಆಯಿಲ್ ಡಬ್ಬಿಯಿಂದ ಉಕ್ಕಿ ಬಾನೆಟ್ ಕೆಳಗಿನ ಪೇಂಟ್ ತಿಂದಿತು. ಆ ಕಲೆ ಇನ್ನೂ ಇದೆ.

ಅಲ್ಲಿಂದ ಮುಂದೆ ನಾನೇ ನೋಡುತ್ತೇನೆ. ಟೈರ್ ಅದಲುಬದಲು ಮಾಡುವಾಗ, ಅಂದರೆ 10,000 ಕಿಲೋಮೀಟರಿಗೊಮ್ಮೆ, ಮತ್ತೆ ಮಳೆಗಾಲಕ್ಕೆ ಮುಂಚೆ ಒಮ್ಮೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಡುತ್ತೇನೆ. ನಟ್ಟುಗಳನ್ನು ಜ್ಯಾಕ್ ಏರಿಸುವ ಮುಂಚೆಯೇ ಸಡಿಲಿಸಬೇಕು. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದಿಲ್ಲ. ಚಕ್ರ ತೆಗೆದ ಮೇಲೆ ಸ್ಟೀರಿಂಗ್ ತಿರುಗಿಸಿದರೆ ಕ್ಯಾಲಿಪರಿನ ಹಿಂಬದಿ ಕಣ್ಣಿಗೆ ಬೀಳುತ್ತದೆ. ಅಳತೆಗೆ 3 ಮಿಲಿಮೀಟರಿನ ಒಂದು ಡ್ರಿಲ್ ಬಿಟ್ ಇಟ್ಟುಕೊಂಡಿದ್ದೇನೆ. ಅದನ್ನು ಪ್ಯಾಡಿನ ಪಕ್ಕಕ್ಕೆ ಹಿಡಿಯುತ್ತೇನೆ. ಮಸಾಲೆ, ಅಂದರೆ ಪ್ಯಾಡಿನ ಸವೆಯುವ ಭಾಗ, ಡ್ರಿಲ್ ಬಿಟ್ಟಿನಷ್ಟೇ ಇದ್ದರೆ ಅದೇ ವಾರ ಬದಲಿ. ಹಿಂದಿನ ತಗಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬಹಳ ಜನ ಅದನ್ನೂ ಸೇರಿಸಿ ಅಳೆಯುತ್ತಾರೆ. ಒಳಗಿನದು, ಹೊರಗಿನದು ಎರಡನ್ನೂ ಬರೆದಿಡುತ್ತೇನೆ. ಎರಡರ ನಡುವೆ 2 ಮಿಲಿಮೀಟರಿಗಿಂತ ಜಾಸ್ತಿ ಅಂತರ ಕಂಡರೆ ಪಿನ್ ಬಿಚ್ಚಿ ತೊಳೆದು ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ.

ಬದಲಿಸುವುದಾದರೆ ಎಡ ಬಲ ಎರಡೂ ಕಡೆ ಒಟ್ಟಿಗೆ. ಪ್ಯಾಡ್ ಹಾಕಿದ ಮೇಲೆ ಕಾರು ಅಲುಗಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಬೇಕು. ಇಲ್ಲದಿದ್ದರೆ ಮೊದಲ ಸಲ ಅದು ನೆಲಕ್ಕೆ ಹೋಗುತ್ತದೆ. ಮಿಸ್ತ್ರಿ ಕಾಕಾ ನನ್ನ ಕೈಯಿಂದ ಚಾವಿ ಕಸಿದುಕೊಂಡು ತಾವೇ ಒತ್ತಿದ್ದರು. ಹಿಂದಿನ ಚಕ್ರಗಳ ಡ್ರಮ್ ಬ್ರೇಕಿನ ಲೈನರ್ ಹೊರಗಿನಿಂದ ಕಾಣುವುದಿಲ್ಲ, ಅದನ್ನು ಅವರಿಗೇ ಬಿಟ್ಟಿದ್ದೇನೆ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ವಿಜಯಪುರದಲ್ಲಿರುವ ನಮ್ಮ ಮಾವನ ಮಗನದ್ದೂ ಇದೇ ಕಾರು. ಸೊಲ್ಲಾಪುರ ರಸ್ತೆಯಲ್ಲಿ ಅವನ ಓಡಾಟ, ನೆಲ ಚಪ್ಪಟೆ. ಅವನ ಪ್ಯಾಡ್ 60,000 ದಾಟಿದರೂ ಗಟ್ಟಿ ಇತ್ತು. ನನ್ನದು 34,000ಕ್ಕೆ ಮುಗಿದಿತ್ತು. ಪಿನ್ನಿನ ಜೊತೆ ನನ್ನ ಕಾಲಿನ ತಪ್ಪೂ ಇತ್ತು. ನಾಲ್ಕನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಘಾಟ್ ಇಳಿಯುತ್ತಿದ್ದೆ. ಏರುವಾಗಿನ ಗೇರಿನಲ್ಲೇ ಇಳಿಯಬೇಕು ಅಂತ ಲಾರಿ ಡ್ರೈವರುಗಳು ಹೇಳುವುದನ್ನು ಕೇಳಿಯೂ ಬಿಟ್ಟಿದ್ದೆ. ಈಗ ಎರಡನೇ ಗೇರ್. ಹಿಂದಿನವರು ಹಾರ್ನ್ ಹೊಡೆದರೆ ದಾರಿ ಕೊಡುತ್ತೇನೆ.

ಕಳೆದ ಭಾನುವಾರದ ಲೆಕ್ಕ: ಎಡಗಡೆ ಒಳಗಿನದು 6, ಹೊರಗಿನದು 6.5. ಬಲಗಡೆ ಎರಡೂ 6.5. ಹಾಕಿ 26,000 ಕಿಲೋಮೀಟರ್ ಆಗಿದೆ. ಎಡಗಡೆಯ ಕೆಳಗಿನ ಪಿನ್ ಸ್ವಲ್ಪ ಬಿಗಿ ಅನ್ನಿಸಿತು, ಮಳೆ ಶುರುವಾಗುವ ಮುಂಚೆ ಒಮ್ಮೆ ಬಿಚ್ಚಬೇಕು.