ಸೈಕ್ಸ್ ಅಂದರೆ ಹಳ್ಳದವರು: ಒಂದು ಇಂಗ್ಲಿಷ್ ಅಡ್ಡಹೆಸರಿನ ಬೆನ್ನು ಹತ್ತಿದ ನನ್ನ ಅನುಭವ

ನಮ್ಮ ಅಡ್ಡಹೆಸರು ಹಳ್ಳದ. ಗದಗ ಜಿಲ್ಲೆಯ ನಮ್ಮೂರಲ್ಲಿ ಮನೆಯ ಹಿತ್ತಲಿಗೆ ಹೊಂದಿಕೊಂಡೇ ಹಳ್ಳ ಹರಿಯುತ್ತದೆ. ಬೇಸಿಗೆಯಲ್ಲಿ ಬರೀ ಉಸುಕು. ಮಳೆ ಜೋರಾದರೆ ಆಚೆ ದಂಡೆಯ ಹೊಲಕ್ಕೆ ಎರಡು ದಿನ ಹೋಗಲಿಕ್ಕೆ ಆಗುವುದಿಲ್ಲ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಡಿ, ಬಡಿಗೇರ, ಹೊಸಮನಿ, ಮೆಣಸಿನಕಾಯಿ ಅಂತ ನಮ್ಮ ಅಡ್ಡಹೆಸರುಗಳೇ ಮನೆತನದ ಕಥೆ ಹೇಳುತ್ತವೆ.

ಕೆಲಸದ ಮೇಲೆ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಹಡರ್ಸ್‌ಫೀಲ್ಡ್‌ಗೆ ಬಂದಾಗ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರು. ನನಗೆ ಬಂದ ಒಂದು ಪಾರ್ಸೆಲ್ ಅವರ ಮನೆಗೆ ಹೋಗಿತ್ತು. ಕೊಡುವಾಗ ಅದರ ಮೇಲಿದ್ದ ಹೆಸರು ನೋಡಿ, ಇದರ ಅರ್ಥ ಏನು ಅಂತ ಕೇಳಿದರು. ಸಣ್ಣ ಹಳ್ಳದ ಪಕ್ಕದಲ್ಲಿ ಇರುವವರು ಅಂದೆ. ಅವರು ನಕ್ಕರು. "ಹಾಗಾದರೆ ನೀನೂ ಸೈಕ್ಸೇ, ಲವ್" ಅಂದರು. ಯಾರ್ಕ್‌ಷೈರಿನಲ್ಲಿ ಬಸ್ ಡ್ರೈವರ್‌ನಿಂದ ಹಿಡಿದು ತರಕಾರಿ ಮಾರುವವರ ತನಕ ಎಲ್ಲರೂ ಎಲ್ಲರನ್ನೂ 'ಲವ್' ಅಂತಲೇ ಕರೆಯುವುದು, ನಮ್ಮಲ್ಲಿ ಅಣ್ಣ, ತಮ್ಮ ಅಂದ ಹಾಗೆ. ಸೈಕ್ಸ್ ಅಜ್ಜಿಯ ತವರುಮನೆಯ ಹೆಸರು.

ಆ ಹೆಸರಿನ ಮೂಲ ಹುಡುಕಲು ಅಂದು ಶುರುವಾದ ಕೆಲಸಕ್ಕೆ ಮೂರು ವರ್ಷ ಹಿಡಿಯಿತು.

ಅರ್ಥ ಸಿಗುವುದು ಕಷ್ಟವೇನಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಸೀಚ್', ವೈಕಿಂಗರ ಹಳೆಯ ನಾರ್ಸ್ ಭಾಷೆಯಲ್ಲಿ 'ಸೀಕ್'. ಎರಡಕ್ಕೂ ಅರ್ಥ ಸಣ್ಣ ತೊರೆ, ಜೌಗು ನೆಲದಲ್ಲಿ ಸಣ್ಣಗೆ ಹರಿಯುವ ನೀರು. ಉತ್ತರ ಇಂಗ್ಲೆಂಡಿನಲ್ಲಿ ನಾರ್ಸ್ ಪ್ರಭಾವ ಜಾಸ್ತಿ ಇದ್ದದ್ದರಿಂದ ಕೊನೆಗೆ 'ಕ್' ಉಳಿಯಿತು. ಇಲ್ಲಿ ಸ್ವಲ್ಪ ದೊಡ್ಡ ತೊರೆಗೆ 'ಬೆಕ್' ಅನ್ನುತ್ತಾರೆ. ಸೈಕ್ ಅದಕ್ಕಿಂತ ಸಣ್ಣದು, ಒಂದು ಹೆಜ್ಜೆಯಲ್ಲಿ ದಾಟಬಹುದು. ಎಷ್ಟೋ ಕಡೆ ಎರಡು ಹೊಲಗಳ ನಡುವಿನ ಗಡಿಯೂ ಅದೇ. ಹಳೆಯ ದಾಖಲೆಗಳಲ್ಲಿ 'ಡೆಲ್ ಸೈಕ್' ಅಂತ ಬರೆದಿರುತ್ತಾರೆ. 'ಡೆಲ್' ಅಂದರೆ ನಮ್ಮ ಷಷ್ಠಿ ವಿಭಕ್ತಿಯ ಹಾಗೆಯೇ. ಹಳ್ಳ-ದ. ಇದನ್ನು ಕಂಡುಕೊಂಡ ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ.

ಅಜ್ಜಿಗೆ ಆ ಪದ ಪುಸ್ತಕದಿಂದ ಕಲಿತದ್ದಲ್ಲ. ಅವರ ಅಪ್ಪ ಹೊಲದ ಕೆಳಗೆ ಹರಿಯುವ ನೀರಿಗೆ ಸೈಕ್ ಅಂತಲೇ ಅನ್ನುತ್ತಿದ್ದರಂತೆ. ಸರ್ಕಾರಿ ಸರ್ವೆ ನಕ್ಷೆಗಳಲ್ಲಿ ಬೆಟ್ಟದ ಮೇಲಿನ ಎಷ್ಟೋ ಸಣ್ಣ ತೊರೆಗಳ ಹೆಸರಿನ ಕೊನೆಗೆ ಆ ಪದ ಈಗಲೂ ಇದೆ.

ಇಷ್ಟು ಹೊತ್ತಿಗೆ ನನಗೊಂದು ಸಂಶಯ ಬಂತು. ಈ ಬೆಟ್ಟಗಳಲ್ಲಿ ಸೈಕ್ ಇಲ್ಲದ ಜಾಗವೇ ಇಲ್ಲ. ಹಾಗಿದ್ದರೆ ಪ್ರತಿ ತೊರೆಯ ಪಕ್ಕ ಒಬ್ಬೊಬ್ಬ ಸೈಕ್ಸ್ ಹುಟ್ಟಿರಬೇಕು ಅಲ್ವಾ? ನಮ್ಮಲ್ಲೂ ಹಳ್ಳದ ಅನ್ನುವವರೆಲ್ಲ ಒಂದೇ ಮನೆತನದವರಲ್ಲ. ಇಂಗ್ಲಿಷ್ ಹೆಸರುಗಳ ಬಗ್ಗೆ ಬರೆದವರೂ ಬಹಳ ಕಾಲ ಹಾಗೇ ನಂಬಿದ್ದರು. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ತಮ್ಮದೇ ಹೆಸರಿನ ಮೇಲೆ ಇದನ್ನು ಪರೀಕ್ಷಿಸಿ, ಸಹೋದ್ಯೋಗಿ ಕ್ಯಾಥರೀನ್ ಇರ್ವೆನ್ ಜೊತೆ 2000ದಲ್ಲಿ ಪ್ರಕಟಿಸಿದರು. ಗಂಡಸರ ಡಿಎನ್‌ಎಯಲ್ಲಿರುವ ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಇಳಿಯುತ್ತದೆ, ಇಂಗ್ಲೆಂಡಿನಲ್ಲಿ ಅಡ್ಡಹೆಸರೂ ಹಾಗೇ. ಒಬ್ಬರಿಗೊಬ್ಬರು ನಂಟಿಲ್ಲ ಅಂದುಕೊಂಡಿದ್ದ 48 ಸೈಕ್ಸ್ ಗಂಡಸರನ್ನು ಪರೀಕ್ಷಿಸಿದಾಗ 21 ಜನರ ವೈ ಕ್ರೋಮೋಸೋಮಿನ ಗುರುತುಗಳು ಒಂದೇ ಆಗಿದ್ದವು. ಅಂದರೆ ಹತ್ತಿರ ಹತ್ತಿರ ಅರ್ಧ ಜನ ಒಬ್ಬನೇ ಮೂಲಪುರುಷನ ಕಡೆಯವರು. ಆಗ ನೋಡಿದ್ದು ಬರೀ ನಾಲ್ಕು ಗುರುತುಗಳನ್ನು, ಅಂದರೆ ಡಿಎನ್‌ಎಯಲ್ಲಿ ಹೋಲಿಸಿ ನೋಡುವ ನಾಲ್ಕು ಜಾಗಗಳನ್ನು. ಈಗಿನ ಲೆಕ್ಕದಲ್ಲಿ ಅದು ತೀರಾ ಕಡಿಮೆ. ಆದರೂ ಆ ಫಲಿತಾಂಶ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಆಮೇಲೆ ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳನ್ನು ತೆಗೆದುಕೊಂಡು 2009ರಲ್ಲಿ ತೋರಿಸಿದರು: ಹೆಸರು ಅಪರೂಪವಾದಷ್ಟೂ ಒಂದೇ ಮೂಲದ ಸಾಧ್ಯತೆ ಜಾಸ್ತಿ. ಸ್ಮಿತ್ ಅಂದರೆ ಕಮ್ಮಾರ. ಊರಿಗೊಬ್ಬ ಕಮ್ಮಾರ ಇದ್ದೇ ಇರುತ್ತಿದ್ದ, ಹಾಗಾಗಿ ಸ್ಮಿತ್‌ಗಳಲ್ಲಿ ಆ ಒಗ್ಗಟ್ಟು ಸಿಗುವುದಿಲ್ಲ.

ಹೆಸರು ಎಲ್ಲಿ ಹರಡಿದೆ ಅಂತ ನೋಡಲು ನಾನು 1881ರ ಜನಗಣತಿ ಹಿಡಿದೆ. ಅದರ ಪೂರ್ತಿ ಪ್ರತಿ ಪುಕ್ಕಟೆಯಾಗಿ ಸಿಗುತ್ತದೆ, ಈ ಕೆಲಸ ಮಾಡುವ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಒಂದು ಎಚ್ಚರಿಕೆ ಮಾತ್ರ ಬೇಕು. ಸುಮ್ನೆ ತಲೆ ಎಣಿಸಿದರೆ ಯಾವ ಹೆಸರು ತೆಗೆದುಕೊಂಡರೂ ಲಂಡನ್ ದೊಡ್ಡದಾಗಿ ಕಾಣುತ್ತದೆ, ಯಾಕಂದರೆ ಅಲ್ಲಿ ಎಲ್ಲರೂ ಇದ್ದಾರೆ. ಸಾವಿರ ಜನರಲ್ಲಿ ಎಷ್ಟು ಅಂತ ಲೆಕ್ಕ ಹಾಕಬೇಕು. ಹಾಗೆ ಹಾಕಿ ಬಣ್ಣ ತುಂಬಿದಾಗ ಯಾರ್ಕ್‌ಷೈರಿನ ಪಶ್ಚಿಮ ಭಾಗವಾದ ವೆಸ್ಟ್ ರೈಡಿಂಗ್ ಕಡುಗೆಂಪಾಯಿತು. ಪಕ್ಕದ ಲ್ಯಾಂಕಷೈರ್ ಸ್ವಲ್ಪ ತಿಳಿ. ಕೆಳಗಿನ ದಕ್ಷಿಣ ಭಾಗ ಬಹುತೇಕ ಬಿಳಿ. ಕೆಂಪಿನ ನಟ್ಟನಡುವೆ ಹಡರ್ಸ್‌ಫೀಲ್ಡ್ ಮತ್ತು ಅದರ ಪಶ್ಚಿಮಕ್ಕಿರುವ ಕೋನ್ ಕಣಿವೆ.

ಆ ಕಣಿವೆಯಲ್ಲಿ ಒಂದು ಊರಿದೆ. ಕಾಗದದ ಮೇಲೆ ಸ್ಲೇತ್‌ವೇಟ್, ಜನರ ಬಾಯಲ್ಲಿ ಸ್ಲಾವಿಟ್. ಭಾನುವಾರ ಅಲ್ಲಿಗೆ ಹೋಗಿ ಕಾಲುವೆ ದಂಡೆ ಹಿಡಿದು ನಡೆದೆ. ನೇಕಾರರ ಹಳೆಯ ಮನೆಗಳ ಮೇಲಂತಸ್ತಿನಲ್ಲಿ ಕಿಟಕಿಗಳು ಒಂದರ ಪಕ್ಕ ಒಂದು ಸಾಲಾಗಿರುತ್ತವೆ, ಮಗ್ಗಕ್ಕೆ ಬೆಳಕು ಬೇಕಲ್ಲ. ಗುಡ್ಡದ ಮೇಲೆ ನಾಲ್ಕು ಕುರಿ, ಒಂದು ಚೂರು ಹೊಲ, ಮನೆಯೊಳಗೆ ಉಣ್ಣೆ ನೇಯ್ಗೆ. ಮಗ್ಗ ಅನ್ನ ಕೊಡುತ್ತಿದ್ದರಿಂದ ಜಮೀನು ಸಣ್ಣದಾದರೂ ಮಕ್ಕಳು ಊರು ಬಿಡಬೇಕಾಗಲಿಲ್ಲ. ಒಂದೇ ಹೆಸರು ಒಂದೇ ಕಣಿವೆಯಲ್ಲಿ ಇಷ್ಟು ದಟ್ಟವಾಗಿ ನಿಂತದ್ದು ಹೀಗೆ ಅಂತ ನನ್ನ ನಂಬಿಕೆ. ಇಳಕಲ್, ಗುಳೇದಗುಡ್ಡದ ನೇಕಾರ ಓಣಿಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ದಟ್ಟವಾಗಿದ್ದರಿಂದ ಕಷ್ಟವೂ ಆಯಿತು. ಊರ ತುಂಬ ಸೈಕ್ಸ್‌ಗಳು, ಗಂಡಸರಿಗೆ ಇಡುತ್ತಿದ್ದದ್ದು ಅದೇ ಜಾನ್, ಜೋಸೆಫ್, ವಿಲಿಯಂ. ಒಂದೇ ಬೀದಿಯಲ್ಲಿ ಮೂರು ಜನ ಜೋಸೆಫ್ ಸೈಕ್ಸ್ ಇದ್ದರೆ ಜನ ಏನು ಮಾಡುತ್ತಿದ್ದರು? ಅಡ್ಡಹೆಸರು ಬಿಟ್ಟೇಬಿಟ್ಟು 'ಜೋ ಓ ಬಿಲ್ಸ್ ಓ ಟಾಮ್ಸ್' ಅನ್ನುತ್ತಿದ್ದರು. ಟಾಮನ ಮಗ ಬಿಲ್, ಆ ಬಿಲ್ಲನ ಮಗ ಜೋ. ನಮ್ಮ ಊರಲ್ಲೂ "ಯಾವ ಈರಪ್ಪ? ಬಸಪ್ಪನ ಈರಪ್ಪನಾ, ಕಲ್ಲಪ್ಪನ ಈರಪ್ಪನಾ?" ಅಂತಲೇ ಕೇಳುವುದು. ಬಾಯಿಮಾತಿನಲ್ಲಿ ಇಷ್ಟು ಸ್ಪಷ್ಟವಾಗಿದ್ದದ್ದು ಸರ್ಕಾರಿ ಕಾಗದಕ್ಕೆ ಬರುವಾಗ ಮತ್ತೆ ಬರೀ ಜೋಸೆಫ್ ಸೈಕ್ಸ್ ಆಗಿಬಿಡುತ್ತದೆ.

ಹಾಗಾಗಿ ಅಜ್ಜಿಯಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟೆ. ಮೂಲಪುರುಷನಿಂದ ಮುಂದಕ್ಕೆ ಬರುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ಬಿಡಲೇಬೇಕು. 1931ರ ಜನಗಣತಿಯ ಕಾಗದಗಳು 1942ರಲ್ಲಿ ಬೆಂಕಿಗೆ ಹೋದವು. 1921ರದ್ದು 2022ರಲ್ಲಿ ಸಾರ್ವಜನಿಕರಿಗೆ ಸಿಕ್ಕಿತು. ಅದರಲ್ಲಿ ಅಜ್ಜಿಯ ಅಪ್ಪ ಹನ್ನೆರಡು ವರ್ಷದ ಹುಡುಗ. 1911ರದ್ದಂತೂ ಮನೆಯ ಯಜಮಾನನೇ ಕೈಯಾರೆ ತುಂಬಿದ ಹಾಳೆ. ಅಜ್ಜಿಯ ಅಜ್ಜ ಕೆಲಸದ ಜಾಗದಲ್ಲಿ 'ಫೆಟ್ಲರ್' ಅಂತ ಬರೆದಿದ್ದ. ಉಣ್ಣೆ ಹಿಂಜುವ ಯಂತ್ರದ ಹಲ್ಲುಗಳಿಗೆ ಅಂಟಿದ ಜಿಡ್ಡು, ಕಸ ತೆಗೆಯುವವನು. ಕೆಳಗೆ ಸಹಿ. 'ಎಸ್' ಅಕ್ಷರದ ಬಾಲ ಕೆಳಗಿನ ಗೆರೆಯವರೆಗೂ ಇಳಿದಿತ್ತು. ಲ್ಯಾಪ್‌ಟಾಪ್ ಅವರ ಅಡುಗೆಮನೆಯ ಮೇಜಿನ ಮೇಲಿಟ್ಟು ತೋರಿಸಿದೆ. ಅಜ್ಜಿ ಆ ಬಾಲದ ಮೇಲೆ ಬೆರಳು ಆಡಿಸಿ, "ನಮ್ಮಪ್ಪನೂ ಹೀಗೇ ಬರೆಯುತ್ತಿದ್ದ" ಅಂದರು. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಅಲ್ಲಿಂದ ಮುತ್ತಜ್ಜನ ಮದುವೆ ಪ್ರಮಾಣಪತ್ರ ಸಿಕ್ಕಿತು. ಅದರಲ್ಲಿ ವರನ ತಂದೆಯ ಹೆಸರು ಬರೆಯುವ ಕಾಲಂ ಇರುತ್ತದೆ. ಜೋಸೆಫ್ ಸೈಕ್ಸ್, ನೇಕಾರ ಅಂತಿತ್ತು. ನಾನು ಅದನ್ನೇ ನಂಬಿ ಜೋಸೆಫ್‌ನ ಹಿಂದೆ ಮೂರು ತಲೆಮಾರು ಹೋದೆ.

ಅದು ತಪ್ಪು ಅಂತ ತಿಳಿದದ್ದು ಡಿಎನ್‌ಎಯಿಂದ. ಹೆಂಗಸರಲ್ಲಿ ವೈ ಕ್ರೋಮೋಸೋಮ್ ಇಲ್ಲ, ಹಾಗಾಗಿ ಅಜ್ಜಿ ತಮ್ಮ ಅಣ್ಣನ ಮಗನನ್ನು ಒಪ್ಪಿಸಿದರು. 37 ಗುರುತುಗಳ ಪರೀಕ್ಷೆ. ಫಲಿತಾಂಶ ಬಂದಾಗ ಒಬ್ಬ ಸೈಕ್ಸ್ ಕೂಡ ಹೊಂದಲಿಲ್ಲ. ಹೊಂದಿದವರೆಲ್ಲ ಅದೇ ಕಣಿವೆಯ ಇನ್ನೊಂದು ಮನೆತನದವರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಲ್ಲಿ ಬದುಕಿರುವವರು ಇದ್ದಾರೆ, ಅವರನ್ನು ನಾನು ಕೇಳಿಲ್ಲ.

ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮೊದಲೇ ತರಿಸಬೇಕಿದ್ದ ಆ ಮುತ್ತಜ್ಜನ ಜನನ ಪ್ರಮಾಣಪತ್ರವನ್ನು ಆಗ ತರಿಸಿದೆ. ಇಂಗ್ಲೆಂಡಿನಲ್ಲಿ ಜನನ ಮರಣ ನೋಂದಣಿ 1837ರ ಜುಲೈನಲ್ಲಿ ಶುರುವಾಯಿತು. ಈ ಮಗು ಹುಟ್ಟಿದ್ದು 1846ರಲ್ಲಿ, ಹಾಗಾಗಿ ದಾಖಲೆ ಇತ್ತು. ತಾಯಿಯ ಹೆಸರಿನ ಮುಂದೆ ಸೈಕ್ಸ್. ತಂದೆಯ ಕಾಲಂನಲ್ಲಿ ಬರೀ ಒಂದು ಅಡ್ಡಗೆರೆ. ಮಗುವಿಗೆ ಎರಡು ಹೆಸರಿಟ್ಟಿದ್ದರು. ಎರಡನೆಯದು ಆ ಇನ್ನೊಂದು ಮನೆತನದ ಹೆಸರು. ಮದುವೆಯಾಗದ ತಾಯಂದಿರು ಮಗುವಿನ ಅಪ್ಪ ಯಾರು ಅಂತ ಹೀಗೆ ದಾಖಲೆಯಲ್ಲಿ ಉಳಿಸುತ್ತಿದ್ದದ್ದುಂಟು. ಮುಂದಿನ ಕಾಗದಗಳಲ್ಲಿ ಅದು ಒಂದೇ ಅಕ್ಷರವಾಗಿ ಕುಗ್ಗಿತ್ತು, ನಾನು ಗಮನ ಕೊಟ್ಟಿರಲಿಲ್ಲ. 1851ರ ಜನಗಣತಿಯಲ್ಲಿ ಯಜಮಾನನಿಗೆ ಏನಾಗಬೇಕು ಅಂತಲೂ ಬರೆಯುತ್ತಾರೆ. ಜೋಸೆಫ್ ಸೈಕ್ಸ್‌ನ ಮನೆಯಲ್ಲಿ ಐದು ವರ್ಷದ ಹುಡುಗ. ಸಂಬಂಧ: ಮೊಮ್ಮಗ. ಅಜ್ಜನೇ ಸಾಕಿದ್ದ. ಮದುವೆಯ ದಿನ ಚರ್ಚಿನಲ್ಲಿ ತಂದೆಯ ಹೆಸರು ಕೇಳಿದಾಗ ಹುಡುಗ ಅಜ್ಜನ ಹೆಸರು ಹೇಳಿದ್ದ. ಎಷ್ಟೋ ಜನ ಹಾಗೇ ಮಾಡುತ್ತಿದ್ದರು.

ಹಿಂದೆ ಹೋದ ಆ ಮೂರು ತಲೆಮಾರು ವ್ಯರ್ಥವಾಗಲಿಲ್ಲ. ಅವರೂ ಅಜ್ಜಿಯ ಪೂರ್ವಿಕರೇ, ಆ ಹುಡುಗನ ತಾಯಿಯ ಕಡೆಯಿಂದ. ನಮ್ಮ ಕಡೆ ಮನೆ ಅಳಿಯನಾಗಿ ಬಂದವನಿಗೆ ಹೆಂಡತಿಯ ಮನೆತನದ ಹೆಸರೇ ಅಂಟಿಕೊಳ್ಳುವುದುಂಟು. ವೈ ಕ್ರೋಮೋಸೋಮ್ ನೋಡಿದರೆ ಅವನೂ ಬೇರೆಯವನೇ. ಊರವರ ಕಣ್ಣಿಗೆ ಅವನು ಆ ಮನೆಯವನೇ.

ಈ ಹುಡುಕಾಟದಲ್ಲಿ ಧಾರವಾಡದ ಕಡೆಗೂ ಒಂದು ದಾರಿ ಸಿಕ್ಕಿತು. ವಿಲಿಯಂ ಹೆನ್ರಿ ಸೈಕ್ಸ್, ಯಾರ್ಕ್‌ಷೈರಿನ ಬ್ರ್ಯಾಡ್‌ಫರ್ಡ್ ಹತ್ತಿರದ ಮನೆತನದವರು, 1790ರಲ್ಲಿ ಹುಟ್ಟಿ ಬಾಂಬೆ ಸೈನ್ಯ ಸೇರಿದರು. 1824ರಲ್ಲಿ ಬಾಂಬೆ ಸರ್ಕಾರದ ಅಂಕಿಅಂಶ ಅಧಿಕಾರಿಯಾಗಿ ದಖ್ಖನ್ ಸುತ್ತಿದರು. ಪುಣೆ, ಅಹಮದ್‌ನಗರ, ಖಾನ್‌ದೇಶಗಳ ಜೊತೆ ಧಾರವಾಡವೂ ಅವರ ವರದಿಯಲ್ಲಿದೆ. 1832ರಲ್ಲಿ ದಖ್ಖನ್ ಹಕ್ಕಿಗಳ ಪಟ್ಟಿ ಪ್ರಕಟಿಸಿದರು. ತಲೆಯ ಮೇಲೆ ಸಣ್ಣ ಜುಟ್ಟಿರುವ ಒಂದು ನೆಲಗುಬ್ಬಿಗೆ ಇಂಗ್ಲಿಷಿನಲ್ಲಿ ಈಗಲೂ ಅವರದೇ ಹೆಸರು, 'ಸೈಕ್ಸಸ್ ಲಾರ್ಕ್'. ಉತ್ತರ ಕರ್ನಾಟಕದ ಒಣ ಬಯಲಿನಲ್ಲಿ ಅದು ಸಿಗುತ್ತದೆ. ಕೆಂಗಂದು ಮೈ, ಎರೆಮಣ್ಣಿನ ಮೇಲೆ ಕೂತರೆ ಗುರುತು ಹಿಡಿಯಲು ಕಣ್ಣು ಪಳಗಿರಬೇಕು. ಅಜ್ಜಿಗೆ ಅದರ ಫೋಟೋ ತೋರಿಸಿದಾಗ ಪ್ರಿಂಟ್ ಮಾಡಿಕೊಡು ಅಂದರು. ಫ್ರಿಜ್ ಮೇಲೆ ಅಂಟಿಸಿದ್ದಾರೆ. ಹೆಸರು ಇನ್ನೂ ದೂರ ಹೋಗಿದೆ, ಅಮೆರಿಕದಲ್ಲಿ ಆಫ್ರಿಕನ್ ಅಮೆರಿಕನ್ ಕುಟುಂಬಗಳಲ್ಲೂ ಇದೆ. ಅದು ಬೇರೆಯೇ ಚರಿತ್ರೆ, ಬೇರೆಯೇ ದಾಖಲೆಗಳು. ನಾನು ಅದಕ್ಕೆ ಕೈ ಹಾಕಲಿಲ್ಲ.

ತಂದೆಯ ಕಾಲಂ ಖಾಲಿ ಇದ್ದದ್ದನ್ನು ಅಜ್ಜಿಗೆ ಹೇಗೆ ಹೇಳುವುದು ಅಂತ ಹದಿನೈದು ದಿನ ಯೋಚಿಸಿದೆ. ಇದನ್ನು ಮಾಡುವವರಿಗೆ ನನ್ನ ಒಂದು ಮಾತು: ಪರೀಕ್ಷೆಗೆ ಎಂಜಲು ಕೊಡುವ ಮೊದಲೇ, ಹೀಗೂ ಆಗಬಹುದು, ಹಾಗಾದರೆ ನಿಮಗೆ ಹೇಳಲಾ ಬೇಡವಾ ಅಂತ ಮನೆಯವರನ್ನು ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ. ಕೊನೆಗೆ ಒಂದು ಸಂಜೆ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜಿ ಕನ್ನಡಕ ಏರಿಸಿಕೊಂಡು ಜನನ ಪತ್ರವನ್ನು ಎರಡು ಸಲ ಓದಿದರು. "ಅವಳಿಗೆ ಎಷ್ಟು ವಯಸ್ಸು?" ಅಂತ ಕೇಳಿದರು. ಹತ್ತೊಂಬತ್ತು ಅಂದೆ. "ಮುಂದೆ ಏನಾದಳು?" 1861ರಲ್ಲಿ ಅದೇ ಮನೆಯಲ್ಲಿದ್ದಾಳೆ, ನೇಯುತ್ತಿದ್ದಾಳೆ, ಮಗ ಜೊತೆಗಿದ್ದಾನೆ ಅಂದೆ.

"ಹಾಗಾದರೆ ನನಗೆ ಈ ಹೆಸರು ಕೊಟ್ಟವಳು ಅವಳು" ಅಂದರು. ನಾನು ಬರೆದಿದ್ದ ವಂಶವೃಕ್ಷದಲ್ಲಿ ಜೋಸೆಫ್‌ನಿಂದ ನೇರವಾಗಿ ಹುಡುಗನಿಗೆ ಗೆರೆ ಇತ್ತು. ಅದನ್ನು ಮತ್ತೆ ಬರೆದುಕೊಡು ಅಂದರು.

ಮತ್ತೆ ಬರೆದೆ. ಜೋಸೆಫ್, ಅವನ ಕೆಳಗೆ ಮಗಳು, ಅವಳ ಕೆಳಗೆ ಮಗ. ಮೊದಲ ಪ್ರತಿಯಲ್ಲಿ ಕಸುಬು ಬರೆದದ್ದು ಗಂಡಸರಿಗೆ ಮಾತ್ರ. ಈ ಸಲ ಅವಳ ಹೆಸರಿನ ಮುಂದೆಯೂ ಬರೆದೆ: ಉಣ್ಣೆ ನೇಕಾರಳು.