ಯುದ್ಧದ ಡಾಕ್ಯುಮೆಂಟರಿ ನೋಡುವಾಗ ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ

ಎರಡನೇ ಮಹಾಯುದ್ಧದ ಸರಣಿ ಅಂದ್ರೆ ಹಿಟ್ಲರ್, ಟ್ಯಾಂಕು, ಹಿಮ. ಇಪ್ಪತ್ತು ಕಂತು ನೋಡಿದರೂ ಮರುವಾರಕ್ಕೆ ಏನೂ ನೆನಪಿರಲ್ಲ, ಅಲ್ವಾ? ನನಗೂ ಹಾಗೇ ಆಗ್ತಿತ್ತು.

ದಿನಕ್ಕೆ ಒಂದೇ ಕಂತು ನೋಡಿ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಟಿವಿಯಲ್ಲಿ ಬಂದ ತಾರೀಖು, ಊರು ಬರೆಯಿರಿ. ಬಲಕ್ಕೆ, ಅದೇ ಹೊತ್ತಿಗೆ ನಮ್ಮ ಕಡೆ ಏನಾಗ್ತಿತ್ತು ಅನ್ನೋದನ್ನ ಆಮೇಲೆ ಹುಡುಕಿ ತುಂಬಿಸಿ.

ರಷ್ಯಾದ ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೇನೆ ಪೂರ್ತಿ ಶರಣಾಗಿದ್ದು 1943ರ ಫೆಬ್ರುವರಿ 2ರಂದು. ನನ್ನ ಹಾಳೆಯಲ್ಲಿ ಅದರ ಎದುರಿಗೆ ಹಾವೇರಿ ಹತ್ತಿರದ ಹೊಸರಿತ್ತಿ ಇದೆ. ಎರಡು ತಿಂಗಳ ನಂತರ, ಏಪ್ರಿಲ್ 1ರಂದು, ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ಮತ್ತು ಇಬ್ಬರು ಸಂಗಾತಿಗಳು ಅಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಶಾಲೆಯಲ್ಲಿ ಎರಡನ್ನೂ ಓದಿದ್ದೆ, ಆದರೆ ಬೇರೆ ಬೇರೆ ಪಾಠದಲ್ಲಿ. ಎರಡೂ ಒಂದೇ ಯುದ್ಧದ ಕಾಲದ್ದು ಅಂತ ಹೊಳೆದೇ ಇರಲಿಲ್ಲ.

ಹುಡುಕುವಾಗ ಒಂದು ನೆನಪಿರಲಿ: ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಮೈಸೂರಿನ ಇತಿಹಾಸದಲ್ಲಿ ಹುಡುಕಿದರೆ ಸಿಗಲ್ಲ. ಮುಂಬೈ ಕಡೆ ತಿರುಗಿದ್ದಕ್ಕೇ ನನಗೆ ಫೋರ್ಟ್ ಸ್ಟಿಕೀನ್ ಹಡಗು ಸಿಕ್ಕಿತು. 1944ರ ಏಪ್ರಿಲ್‌ನಲ್ಲಿ ಈಗಿನ ನಾಗಾಲ್ಯಾಂಡ್‌ನ ಕೊಹಿಮಾದಲ್ಲಿ ಜಪಾನಿಯರ ಜೊತೆ ಕಾಳಗ ನಡೆದಿದ್ದಾಗಲೇ, 14ನೇ ತಾರೀಖು ಮುಂಬೈ ವಿಕ್ಟೋರಿಯಾ ಡಾಕ್‌ನಲ್ಲಿ ಈ ಹಡಗು ಸಿಡಿಯಿತು. ಒಳಗೆ ಸುಮಾರು 1400 ಟನ್ ಸ್ಫೋಟಕ, ಜೊತೆಗೆ ಹತ್ತಿ ಅಂಡಿಗೆ! ಹತ್ತಿ ಅಂಡಿಗೆಗೆ ಬೆಂಕಿ ಬಿದ್ದರೆ ಮೇಲೆ ಎಷ್ಟು ನೀರು ಸುರಿದರೂ ಒಳಗಿನ ಕೆಂಡ ಬೇಗ ಆರಲ್ಲ ಅಂತ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾ? 800ಕ್ಕೂ ಜಾಸ್ತಿ ಜನ ಸತ್ತರು. ಹಡಗಿನಲ್ಲಿದ್ದ ಚಿನ್ನದ ಗಟ್ಟಿಗಳು ಎಷ್ಟೋ ವರ್ಷಗಳ ನಂತರವೂ ಹೂಳೆತ್ತುವಾಗ ಸಿಗುತ್ತಿದ್ದವು. ಪ್ರತಿ ಏಪ್ರಿಲ್ 14ಕ್ಕೆ ಅಗ್ನಿಶಾಮಕ ಸೇವಾ ದಿನ ಆಚರಿಸೋದು ಅಂದು ಪ್ರಾಣ ಬಿಟ್ಟ ಸಿಬ್ಬಂದಿಯ ನೆನಪಿಗೆ.

ಒಂದೆರಡು ಕಾಳಗದ ದೃಶ್ಯಗಳನ್ನ ಸೌಂಡ್ ಬಂದ್ ಮಾಡಿ ನೋಡಿ. ಆಗಿನ ರಣರಂಗದ ಫಿಲ್ಮ್ ಬಹುಪಾಲು ಮೂಕಿ, ಢಂ ಢಂ ಎಲ್ಲ ಆಮೇಲೆ ಸೇರಿಸಿದ್ದು. ಸದ್ದಿಲ್ಲದಿದ್ದರೆ ಸೈನಿಕರ ಕಾಲಲ್ಲಿರೋ ಹರಿದ ಬೂಟೂ ಕಣ್ಣಿಗೆ ಬೀಳುತ್ತೆ.

ಕೊನೆಗೆ, ತೊಂಬತ್ತು ದಾಟಿದ ಹಿರಿಯರು ಇದ್ದರೆ ಕೇಳಿ. ಆದರೆ ಯುದ್ಧ ಅನ್ನೋ ಮಾತು ಎತ್ತಬೇಡಿ. ನಮ್ಮ ಓಣಿಯ ಅಮ್ಮ 'ಯುದ್ಧಗಿದ್ಧ ನಂಗೇನ್ ಗೊತ್ತೋ ತಮ್ಮಾ' ಅಂತ ಒಳಗೆ ಹೊರಟಿದ್ದರು. 'ಆಗ ಸೀಮೆಎಣ್ಣೆ ಸಿಗ್ತಿತ್ತಾ?' ಅಂದೆ. ಹೊಸ್ತಿಲ ಮೇಲೇ ಕೂತುಬಿಟ್ಟರು.